37 ಸೋಲಿನ ಹುಡುಗರು

ನಮ್ಮ ಶಾಲೆಯ ಸಂಚಿಕೆಗೆ ಅಮೆರಿಕದ ಕಾಲೇಜಿನ ಬಗ್ಗೆ ಏನಾದ್ರೂ ಬರೆದು ಕಳಿಸಪ್ಪ ಅಂದರು ಮೇಷ್ಟ್ರು. ಬರೀತಾ ಕೂತರೆ ನೆನಪಾದದ್ದು ಪಾಠವಲ್ಲ, ಸೋತ ಒಂದು ತಂಡ.

ನಾನು ಓದಿದ್ದು ಟೆನೆಸಿ ರಾಜ್ಯದ ಸೆವಾನಿಯಲ್ಲಿ, ಬೆಟ್ಟದ ಮೇಲೆ. ಹೆಸರು ಯೂನಿವರ್ಸಿಟಿ ಆಫ್ ದಿ ಸೌತ್. ಹೆಸರು ದೊಡ್ಡದು, ಕಾಲೇಜು ಚಿಕ್ಕದು. ನಾನು ಸೇರಿದ ವಾರವೇ ಸೀನಿಯರ್ ಒಬ್ಬ ಕೂರಿಸಿಕೊಂಡು 1899ರ ಕಥೆ ಹೇಳಿದ. ಆ ವರ್ಷ ಅವರ ಫುಟ್‌ಬಾಲ್ ತಂಡ ರೈಲಿನಲ್ಲಿ ಊರೂರು ಸುತ್ತಿ 6 ದಿನದಲ್ಲಿ 5 ಪಂದ್ಯ ಗೆದ್ದಿತ್ತು. ಎದುರಾಳಿಗಳಿಗೆ ಒಂದು ಪಾಯಿಂಟೂ ಕೊಟ್ಟಿರಲಿಲ್ಲ. (ಅಲ್ಲಿ ಫುಟ್‌ಬಾಲ್ ಅಂದ್ರೆ ಮೊಟ್ಟೆಯಂಥ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವ ಆಟ.) ಆಮೇಲೆ ಈ ಕಥೆಯನ್ನು ಎಷ್ಟು ಸಲ ಕೇಳಿದೆನೋ ಲೆಕ್ಕವಿಲ್ಲ.

ಮುಂದಿನದ್ದನ್ನು ಯಾರೂ ತಾವಾಗಿ ಹೇಳಲಿಲ್ಲ. ಲೈಬ್ರರಿಯಲ್ಲಿ ಹಳೇ ಸಂಚಿಕೆ ಜೋಡಿಸುವ ಕೆಲಸ ಸಿಕ್ಕಾಗ, ಕೆಲಸ ಬಿಟ್ಟು ಓದಿದೆ. 1932ರಲ್ಲಿ ದಕ್ಷಿಣದ 13 ಕಾಲೇಜುಗಳು ಸೇರಿ ಸೌತ್‌ಈಸ್ಟರ್ನ್ ಕಾನ್ಫರೆನ್ಸ್ ಅನ್ನುವ, ತಮ್ಮ ತಮ್ಮಲ್ಲೇ ಪಂದ್ಯ ಆಡುವ ಕ್ರೀಡಾ ಒಕ್ಕೂಟ ಕಟ್ಟಿದವು. ಅಲಬಾಮಾ, ಟೆನೆಸಿ, ಲೂಯಿಸಿಯಾನಾ ಸ್ಟೇಟ್, ಇಂಥ ಆನೆಗಳ ನಡುವೆ ನಮ್ಮ ಸೆವಾನಿ ಕಾಲೇಜೂ ಒಂದು! 1933ರಿಂದ 1940ರವರೆಗೆ ಕಾನ್ಫರೆನ್ಸಿನಲ್ಲಿ ಆಡಿದ್ದು 37 ಪಂದ್ಯ. ಸೋತದ್ದೂ 37. ಗಳಿಸಿದ್ದು 84 ಪಾಯಿಂಟ್, ಬಿಟ್ಟುಕೊಟ್ಟದ್ದು 1163. ತಾಲ್ಲೂಕು ಮಟ್ಟ ದಾಟದ ನಮ್ಮ ಕಬಡ್ಡಿ ತಂಡವೇ ವಾಸಿ ಅನ್ನಿಸಿತು.

ಕೊನೆಗೆ ಅಲೆಕ್ಸಾಂಡರ್ ಗೆರಿ ಅನ್ನುವ ವೈಸ್ ಚಾನ್ಸಲರ್ 1940ರಲ್ಲಿ ಕಾಲೇಜನ್ನು ಕಾನ್ಫರೆನ್ಸಿನಿಂದ ಹೊರಗೆ ತಂದರು. ಆಡೋಕೆ ಅಂತಲೇ ವಿದ್ಯಾರ್ಥಿವೇತನ ಕೊಟ್ಟು ಹುಡುಗರನ್ನು ಕರೆತರುವುದು ಅವರಿಗೆ ಒಪ್ಪಿಗೆ ಇರಲಿಲ್ಲ. ಸರಿಯಾಗಿಯೇ ಮಾಡಿದರು ಅಂತ ನನ್ನ ಲೆಕ್ಕ. ಆದರೆ ಅದು ಎಂಟನೇ ವರ್ಷದ ಮಾತು. ಏಳನೇ ವರ್ಷವೂ ಬೂಟಿನ ಲೇಸು ಬಿಗಿದು ಮೈದಾನಕ್ಕೆ ಇಳಿದರಲ್ಲ, ಅವರು ರೈಲಿನಲ್ಲಿ ವಾಪಸ್ ಬರುವಾಗ ಏನು ಮಾತಾಡುತ್ತಿದ್ದರೋ!

ಒಂದು ಸಂಚಿಕೆಯಲ್ಲಿ ತಂಡದ ಫೋಟೋ ಇತ್ತು. ಚರ್ಮದ ಹೆಲ್ಮೆಟ್ ಮಡಿಲಲ್ಲಿ, ಎಲ್ಲರೂ ಮುಖ ಗಂಟಿಕ್ಕಿಕೊಂಡು ಕೂತಿದ್ದಾರೆ. ಎರಡನೇ ಸಾಲಿನ ಕೊನೆಯವನು ಮಾತ್ರ ಪಕ್ಕದವನ ಕಡೆ ತಿರುಗಿ ನಗುತ್ತಿದ್ದಾನೆ. ಕೈಯಿಗೆ ಬ್ಯಾಂಡೇಜ್ ಬೇರೆ. ಜೆರಾಕ್ಸ್ ಮಾಡಿಸಿ ರೂಮಿನ ಗೋಡೆಗೆ ಅಂಟಿಸಿದೆ.

ಅದೇ ಸೀನಿಯರ್ ಒಂದಿನ ಬಂದು, "ಇದು 1899ರದ್ದಾ?" ಅಂದ.

"ಅಲ್ಲ, ಮೂವತ್ತರ ದಶಕದ್ದು."

"ಓ," ಅಂದು ಚಾರ್ಜರ್ ತಗೊಂಡು ಹೋದ.