ಆಷಾಢದಲ್ಲಿ ಬಾಡಿಗೆ ಮನೆ: ಶಂಕರಘಟ್ಟದಿಂದ ಸಾಗರದವರೆಗೆ

ನಾನೂ ನನ್ನ ಹೆಂಡತಿಯೂ ನೌಕರಿ ಮುಗಿಸಿದವರು. ಬೆಂಗಳೂರು ಬಿಟ್ಟು ಮಲೆನಾಡಿಗೆ ಹೋಗೋಣ ಅಂದಾಗ ಅವಳು ಹಾಕಿದ್ದು ಒಂದೇ ಷರತ್ತು: ಕಾಲೇಜಿರುವ ಊರೇ ಆಗಬೇಕು. ಹುಡುಗರು ಓಡಾಡುವ ಕಡೆ ಪುಸ್ತಕದಂಗಡಿ ಇರುತ್ತದೆ, ಜೆರಾಕ್ಸ್ ಇರುತ್ತದೆ, ರಾತ್ರಿ ಒಂಬತ್ತಕ್ಕೂ ದೋಸೆ ಸಿಗುತ್ತದೆ ಅನ್ನುವುದು ಅವಳ ಲೆಕ್ಕ. ಊರು ನೋಡಲು ಬೇಕೆಂದೇ ಆಷಾಢ ಆರಿಸಿಕೊಂಡೆವು. ನವೆಂಬರಿನ ಬಿಸಿಲಲ್ಲಿ ಮಲೆನಾಡಿನ ಎಲ್ಲ ಮನೆಗಳೂ ಚೆಂದವೇ. ಗೋಡೆ ಎಲ್ಲಿ ಬೆವರುತ್ತದೆ, ಕರೆಂಟು ಎಷ್ಟು ಹೊತ್ತು ಹೋಗುತ್ತದೆ ಅಂತ ಗೊತ್ತಾಗುವುದು ಮಳೆಯಲ್ಲಿ ಮಾತ್ರ. ಅದೂ ಅಲ್ಲದೆ ಆಷಾಢದಲ್ಲಿ ಯಾರೂ ಮನೆ ಬದಲಾಯಿಸದ ಕಾರಣ ಮಾಲೀಕರಿಗೆ ಮಾತಾಡಲು ಪುರುಸೊತ್ತಿರುತ್ತದೆ.

ಶಿವಮೊಗ್ಗವನ್ನು ಬೇಗ ಮುಗಿಸಿದೆವು. ಹೊಳೆಯ ಆಚೆ ವಿದ್ಯಾನಗರದಲ್ಲಿ 1940ರಲ್ಲಿ ಶುರುವಾದ ಸಹ್ಯಾದ್ರಿ ಕಾಲೇಜು, ಸವಳಂಗ ರಸ್ತೆಯಲ್ಲಿ 1980ರ ಜೆಎನ್‌ಎನ್ ಎಂಜಿನಿಯರಿಂಗ್ ಕಾಲೇಜು, ಮಧ್ಯದಲ್ಲಿ ವೈದ್ಯಕೀಯ ಕಾಲೇಜು. ಬೇಕಾದ್ದೆಲ್ಲ ಇದೆ. ಆದರೆ ಅದು ಈಗ ನಗರ. ಟ್ರಾಫಿಕ್ಕಿನಲ್ಲಿ ನಿಲ್ಲುವುದಾದರೆ ಬೆಂಗಳೂರೇ ಸಾಕಿತ್ತು.

ಕುವೆಂಪು ವಿಶ್ವವಿದ್ಯಾಲಯಕ್ಕೆ ಹೋಗುವ ಬಸ್ಸಿಗೆ ಬಿ.ಆರ್.ಪಿ., ಅಂದರೆ ಭದ್ರಾ ಅಣೆಕಟ್ಟು ಯೋಜನೆಯ ಹೆಸರಿನ ಬೋರ್ಡು. ಶಿವಮೊಗ್ಗದಿಂದ ಸುಮಾರು 28 ಕಿ.ಮೀ. ದೂರದ ಶಂಕರಘಟ್ಟದಲ್ಲಿ ಜ್ಞಾನಸಹ್ಯಾದ್ರಿ ಆವರಣ, ಆಚೆಗೆ ಭದ್ರಾ ಅಣೆಕಟ್ಟು, ಅಭಯಾರಣ್ಯ. 1987ರಲ್ಲಿ ಹುಟ್ಟಿದ ವಿಶ್ವವಿದ್ಯಾಲಯಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಸಿಕ್ಕುತ್ತಿರಲಿಲ್ಲ. ಒಳಗೆ ನಡೆಯುತ್ತಾ ಹೋದರೆ ಕಟ್ಟಡಕ್ಕಿಂತ ಮರಗಳೇ ಜಾಸ್ತಿ. ನಾನಂತೂ ಇಲ್ಲೇ ಇದ್ದುಬಿಡೋಣ ಅನ್ನುವಷ್ಟು ಮರುಳಾಗಿದ್ದೆ. ಸಂಜೆ ಐದರ ಹೊತ್ತಿಗೆ ಕೊಡೆ, ಬ್ಯಾಗು ಅವುಚಿಕೊಂಡು ಹುಡುಗರೆಲ್ಲ ಬಸ್ಸಿಗೆ ಓಡಿದರು. ಬಸ್ಸು ಹೊರಟ ಮೇಲೆ ಉಳಿದದ್ದು ಹಾಸ್ಟೆಲಿನವರು, ಟೀ ಅಂಗಡಿಯಾತ, ನಾವು. ಪಿಎಚ್.ಡಿ. ಮಾಡುತ್ತಿರುವ ಹುಡುಗಿಯೊಬ್ಬಳು ಅಲ್ಲಿ ಬನ್ನು ಅದ್ದಿಕೊಂಡು ತಿನ್ನುತ್ತಿದ್ದಳು. "ಇಲ್ಲಿ ಓದೋಕೆ ಬರಬೇಕು ಅಂಕಲ್, ಇರೋಕಲ್ಲ. ಒಂದು ಚಪ್ಪಲಿ ಹರಿದ್ರೂ ಭದ್ರಾವತಿಗೆ ಹೋಗ್ಬೇಕು" ಅಂದಳು. ನನ್ನ ಹೆಂಡತಿ ನನ್ನ ಮುಖ ನೋಡಿದಳು. ವಿಶ್ವವಿದ್ಯಾಲಯ ಇದ್ದ ಮಾತ್ರಕ್ಕೆ ಅದರ ಸುತ್ತ ಊರು ಬೆಳೆದುಬಿಡುವುದಿಲ್ಲ.

ತೀರ್ಥಹಳ್ಳಿ ದಾರಿ ಗಾಜನೂರು, ಸಕ್ರೆಬೈಲು, ಮಂಡಗದ್ದೆ ದಾಟಿ ತುಂಗೆಯ ಪಕ್ಕದಲ್ಲೇ ಸಾಗುತ್ತದೆ. ನಾವು ತಲುಪಿದಾಗ ಹೊಳೆ ಕೆಂಪಗೆ, ದಡ ಮುಟ್ಟಿ ಹರಿಯುತ್ತಿತ್ತು. ತುಂಗಾ ಮಹಾವಿದ್ಯಾಲಯದ ಹುಡುಗರು ಕಮಾನು ಸೇತುವೆ ಮೇಲೆ ನಿಂತು ರಾಮಮಂಟಪ ಮುಳುಗಿತೋ ಇಲ್ಲವೋ ಅಂತ ಮೊಬೈಲಿನಲ್ಲಿ ಹಿಡಿಯುತ್ತಿದ್ದರು. ಪೇಟೆ ಪುಟ್ಟದು, ಎಲ್ಲವೂ ನಡೆದು ಮುಗಿಯುವಷ್ಟು. ಕುಪ್ಪಳಿ ಹತ್ತಿರ, ಆಗುಂಬೆಗೂ ಬಸ್ಸಿದೆ. ನನ್ನನ್ನು ಕೇಳಿದರೆ ಮಲೆನಾಡಿನಲ್ಲಿ ವಾಸಕ್ಕೆ ಇದರಷ್ಟು ಹದವಾದ ಊರು ಇನ್ನೊಂದಿಲ್ಲ.

ಒಂದು ಮನೆಯನ್ನೂ ನೋಡಿದೆವು. ಮಹಡಿ ಮೇಲೆ ಹುಡುಗಿಯರ ಪಿಜಿ. ವರಾಂಡದ ಉದ್ದಕ್ಕೂ ಹಗ್ಗ, ಹಗ್ಗದ ತುಂಬ ಒಣಗದ ಜೀನ್ಸು, ಅವುಗಳ ಎದುರು ಸ್ಟೂಲಿನ ಮೇಲೆ ಇಡೀ ದಿನ ತಿರುಗುವ ಟೇಬಲ್ ಫ್ಯಾನು. ಮಾಲೀಕರು ಎಲೆಗೆ ಸುಣ್ಣ ಹಚ್ಚುತ್ತಾ, "ಬಟ್ಟೆ ಒಣಗ್ಸೋಕೇ ಅರ್ಧ ಕರೆಂಟ್ ಬಿಲ್ಲು ಮಾರಾಯ್ರೆ" ಅಂದರು. ಆಮೇಲೆ ಮೆಲ್ಲಗೆ, "ನೀವು ಎಂತ ಜನ?" ಅಂದರು. ನಾನು ಬೆಂಗಳೂರು ಜನ ಅಂದೆ. ಅವರಿಗೆ ಬೇಕಾದ್ದು ಆ ಉತ್ತರ ಅಲ್ಲ ಅಂತ ಇಬ್ಬರಿಗೂ ಗೊತ್ತಿತ್ತು. ಇಷ್ಟು ಓದಿಕೊಂಡ ಸೀಮೆಯಲ್ಲೂ ಬಾಡಿಗೆ ಮನೆಯ ಬಾಗಿಲಲ್ಲಿ ಈ ಪ್ರಶ್ನೆ ಹೋಗಿಲ್ಲ. ಬೆಂಗಳೂರಿನಲ್ಲೂ ಹೋಗಿಲ್ಲ ಅನ್ನಿ.

ತೀರ್ಥಹಳ್ಳಿಯ ಕೊರತೆ ರೈಲು. ಬಸ್ಸನ್ನೇ ನಂಬಬೇಕು. 2023ರ ಜೂನ್‌ನಿಂದ ಸರ್ಕಾರಿ ಬಸ್ಸಲ್ಲಿ ಹೆಂಗಸರಿಗೆ ಪುಕ್ಕಟೆ ಇದ್ದರೂ ಈ ಕಡೆ ಓಡುವವು ಹೆಚ್ಚಾಗಿ ಖಾಸಗಿ. ಆಧಾರ್ ಕಾರ್ಡು ಪೌಚಿನಲ್ಲಿಟ್ಟುಕೊಂಡು ಕೆಂಪು ಬಸ್ಸಿಗೆ ಕಾಯುವ ಹುಡುಗಿಯರ ಮುಂದೆಯೇ ಖಾಸಗಿಯವು ಒಂದರ ಹಿಂದೊಂದು ಹೋಗುತ್ತವೆ. ಕೊಪ್ಪದಲ್ಲಿ ಬಸ್ ನೌಕರರೇ ಸೇರಿ 1991ರಲ್ಲಿ ಕಟ್ಟಿದ ಸಹಕಾರ ಸಾರಿಗೆಯೂ 2020ರಲ್ಲಿ ನಿಂತಿತು. ಆ ಬಸ್ಸುಗಳ ನೆನಪು ತೆಗೆದರೆ ಬಸ್‌ಸ್ಟ್ಯಾಂಡಿನ ಹಿರಿಯರು ಇನ್ನೂ ಅರ್ಧ ಗಂಟೆ ಮಾತಾಡುತ್ತಾರೆ.

ಸಾಗರಕ್ಕೆ ರೈಲಿದೆ. ಮೀಟರ್‌ಗೇಜಿನಲ್ಲಿ ರೈಲ್‌ಬಸ್ ಓಡುತ್ತಿದ್ದ ಶಿವಮೊಗ್ಗ–ತಾಳಗುಪ್ಪ ಹಳಿ 2011ರಲ್ಲಿ ಬ್ರಾಡ್‌ಗೇಜಾಯಿತು. ಈಗ ಬೆಂಗಳೂರಿನಲ್ಲಿ ರಾತ್ರಿ ಮಲಗಿದರೆ ಬೆಳಗ್ಗೆ ಸಾಗರ ಜಂಬಗಾರು ನಿಲ್ದಾಣ. ಲಾಲ್ ಬಹದ್ದೂರ್ ಕಾಲೇಜು, ಹೆಣ್ಣುಮಕ್ಕಳಿಗೆ ಸರ್ಕಾರಿ ಪದವಿ ಕಾಲೇಜು ಇವೆ. ಆನಂದಪುರದ ಕಡೆ ಇರುವಕ್ಕಿಯಲ್ಲಿ ಕೃಷಿ, ತೋಟಗಾರಿಕೆ ವಿಶ್ವವಿದ್ಯಾಲಯದ ಆವರಣವೂ ಇದೇ ತಾಲ್ಲೂಕಿನದು. ಆದರೆ ನನ್ನ ಹೆಂಡತಿಯನ್ನು ಗೆದ್ದದ್ದು ಪಕ್ಕದ ಹೆಗ್ಗೋಡು.

ಅಡಿಕೆ ತೋಟಗಳ ನಡುವೆ 1949ರಲ್ಲಿ ಹುಟ್ಟಿದ ನೀನಾಸಮ್, 1980ರಿಂದ ರಂಗಶಿಕ್ಷಣ ಕೊಡುತ್ತಿದೆ. ಅದನ್ನು ಕಟ್ಟಿದ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ನಾವು ಹೋದ ಮಧ್ಯಾಹ್ನ ಧಾರಾಕಾರ ಮಳೆ. ತಗಡಿನ ಸದ್ದು ಎಷ್ಟಿತ್ತೆಂದರೆ, ಒಳಗೆ ಮಾತು ಒಪ್ಪಿಸುತ್ತಿದ್ದ ಹುಡುಗನಿಗೆ ಗೆಳತಿ ಕೈಸನ್ನೆಯಲ್ಲೇ "ಜೋರಾಗಿ" ಅನ್ನುತ್ತಿದ್ದಳು. ಅವನು ಹೊಟ್ಟೆಯಿಂದ ದನಿ ತೆಗೆದ. ಬೀದರ್ ಕಡೆಯ ಉಚ್ಚಾರ. ಕ್ಯಾಂಟೀನಿನಲ್ಲಿ ಅವರೇ ಬಂದು ಪಕ್ಕ ಕೂತರು, ನನ್ನ ಹೆಂಡತಿಗೆ ಅವರ ಪಾಠ, ಊಟ, ಊರು ಎಲ್ಲ ವಿಚಾರಿಸಿ ಮುಗಿಯುವಷ್ಟರಲ್ಲಿ ನಮ್ಮ ಬಸ್ಸು ತಪ್ಪಿತ್ತು. ಅವಳಿಗೇನೂ ಬೇಸರವಾದಂತೆ ಕಾಣಲಿಲ್ಲ.

ತೀರ್ಥಹಳ್ಳಿಯ ಹೊಳೆ ಬಿಟ್ಟುಕೊಡಲು ನನಗೆ ಇಷ್ಟವಿರಲಿಲ್ಲ. "ಹೊಳೆ ನೋಡ್ಕೊಂಡು ಎಷ್ಟು ಹೊತ್ತು ಕೂರ್ತೀರಿ?" ಅಂದಳು. ಜಂಬಗಾರಿನ ಹತ್ತಿರ ಒಂದು ಹೆಂಚಿನ ಮನೆ ಸಿಕ್ಕಿತು. ಬೆನ್ನಿಗೇ ಮಾಲೀಕರ ತಾರಸಿ ಮನೆ. ಯಜಮಾನಿತಿ ಪತ್ರೊಡೆ ಕೊಟ್ಟು, ಅಪ್ಪೆಮಿಡಿ ಬಡಿಸಿ, ಕೊನೆಗೆ ವಿಷಯಕ್ಕೆ ಬಂದರು: "ದೀಪಾವಳಿ ಆದ್ಮೇಲೆ ಅಂಗಳ ಕೇಳ್ಬೇಡಿ, ಅಡಿಕೆ ಒಣಗ್ಸೋದಿರ್ತದೆ. ಸುಲಿಯೋ ಮೆಷಿನ್ ಸದ್ದೂ ಇರ್ತದೆ." ನನ್ನ ಹೆಂಡತಿ ಆಗಬಹುದು ಅಂದಳು. ಅದೇ ನೆಪ ಹಿಡಿದು ಬಾಡಿಗೆಯಲ್ಲಿ ಐನೂರು ರೂಪಾಯಿ ಇಳಿಸಿಯೂಬಿಟ್ಟಳು.