ಚಂಡೆಯ ಪೆಟ್ಟು, ಮಿಕ್ಸರಿನ ಗೇನ್

ಶಿರಸಿಯ ಸಣ್ಣ ಸ್ಟುಡಿಯೊ ಒಂದರಲ್ಲಿ ಯಕ್ಷಗಾನದ ಹಿಮ್ಮೇಳವನ್ನು ಧ್ವನಿಮುದ್ರಿಸಲು ಕುಳಿತ ದಿನ, ಮೈಕುಗಳ ಧ್ವನಿಯನ್ನೆಲ್ಲ ಬೆರೆಸುವ ಮಿಕ್ಸಿಂಗ್ ಕನ್ಸೋಲಿನಲ್ಲಿ ಸದ್ದನ್ನು ಏರಿಸಿ ಇಳಿಸುವ ಜಾರುಗುಂಡಿಯಾದ ಫೇಡರನ್ನು ಎಷ್ಟು ಕೆಳಗೆಳೆದರೂ ಚಂಡೆಯ ಪೆಟ್ಟು ಒಡೆದೇ ಕೇಳುತ್ತಿತ್ತು. ತಪ್ಪು ನನ್ನದೇ. ಮೈಕಿನಿಂದ ಬರುವ ಕೆಲವೇ ಮಿಲಿವೋಲ್ಟಿನ ಸಂಕೇತವನ್ನು ಮೊದಲು ಹಿಗ್ಗಿಸುವುದು ಚಾನೆಲ್ಲಿನ, ಅಂದರೆ ಕನ್ಸೋಲಿನಲ್ಲಿ ಆ ಮೈಕಿಗೆ ಮೀಸಲಾದ ಸಾಲಿನ, ಮೇಲ್ತುದಿಯ ಪ್ರೀಆಂಪ್. ಅಲ್ಲಿ ಗೇನ್, ಅಂದರೆ ಹಿಗ್ಗಿಸುವ ಪ್ರಮಾಣ, ಅತಿಯಾಗಿ ಧ್ವನಿಯ ಅಲೆಯ ನೆತ್ತಿಯೇ ಕತ್ತರಿಸಿಹೋದರೆ, ಕೆಳತುದಿಯ ಫೇಡರ್ ಆ ಒಡಕು ಧ್ವನಿಯನ್ನು ಸಣ್ಣದು ಮಾಡಬಲ್ಲದೇ ಹೊರತು ಸರಿಪಡಿಸಲಾರದು. ಚಂಡೆಯವರಿಂದ ಪೂರ್ಣ ಜೋರಿನ ಉರುಳಿಕೆಯನ್ನೇ ನುಡಿಸಿ, ಮಿತಿ ಮೀರಿದ್ದನ್ನು ತೋರಿಸುವ ಕೆಂಪು ದೀಪ ಹೊತ್ತದಷ್ಟಕ್ಕೆ ಗೇನ್ ಇಳಿಸಿದೆ.

ಭಾಗವತರ ಕಂಡೆನ್ಸರ್ ಮೈಕಿಗೆ ಬೇಕಾದ 48 ವೋಲ್ಟಿನ ವಿದ್ಯುತ್ತು, ಅಂದರೆ ಫ್ಯಾಂಟಮ್ ಪವರ್, ಕನ್ಸೋಲಿನಿಂದಲೇ, ಧ್ವನಿ ಬರುವ ಅದೇ ಕೇಬಲ್ಲಿನಲ್ಲಿ ಹೋಗುತ್ತದೆ. ಲೋ ಕಟ್ ಗುಂಡಿ ಒತ್ತಿದಾಗ 80 ಹರ್ಟ್ಸ್‌ಗಿಂತ ಕೆಳಗಿನ ಗುಡುಗುಡು ತಗ್ಗಿತು. ಹಂಚಿನ ಮೇಲಿನ ಮಳೆಯ ಸದ್ದಿಗೆ ಮಾತ್ರ ಯಾವ ಗುಂಡಿಯೂ ಇಲ್ಲ, ಕಾಯಲೇಬೇಕು.

ನಡುವೆ ಭಾಗವತರು ಹೆಡ್‌ಫೋನಿನಲ್ಲಿ ಮದ್ದಳೆ ಇನ್ನಷ್ಟು ಕೇಳಬೇಕೆಂದರು. ಧ್ವನಿಯ ಒಂದು ಪಾಲನ್ನು ಫೇಡರಿಗಿಂತ ಮೊದಲೇ ಕವಲೊಡೆಸಿ ಹೆಡ್‌ಫೋನಿಗೆ ಕಳಿಸುವ, ಮದ್ದಳೆಯ ಚಾನೆಲ್ಲಿನ ಆಕ್ಸ್ ಗುಂಡಿಯನ್ನು ಅರೆಸುತ್ತು ತಿರುಗಿಸಿದೆ. ನಮ್ಮ ಮುಖ್ಯ ಮಿಶ್ರಣ ಒಂದಿಷ್ಟೂ ಕದಲದೆ ಅವರ ಕಿವಿಯಲ್ಲಷ್ಟೇ ಮದ್ದಳೆ ಏರಿತು.