ಬಾಳೆಕಾಯಿ ಪಲ್ಯ, ಬಟಾಟೆ ಪಲ್ಯ

22 ಆಗಸ್ಟ್ 2025, ಶುಕ್ರವಾರ
ಘಾಟ್‌ಕೋಪರ್

ಆಫೀಸಿನಿಂದ ಬರುವಾಗ ಚಿಕ್ಕಪ್ಪನ ಹೋಟೆಲಿಗೆ ಹೋಗಿದ್ದೆ. ಆರೂವರೆ ಹೊತ್ತಿಗೆ ಅಲ್ಲಿ ಕೂರಲು ಜಾಗ ಸಿಗುವುದೇ ಕಷ್ಟ. ಇವತ್ತು ಅರ್ಧ ಟೇಬಲ್ ಖಾಲಿ. ಜೈನರ ಎಂಟು ದಿನದ ವ್ರತದ ಹಬ್ಬ ಪರ್ಯುಷಣ ಶುರುವಾಗಿದೆಯಲ್ಲ, ಈ ಕಡೆಯ ಜೈನರು ಜಾಸ್ತಿ ಜನ ಈಗ ಹೊರಗೆ ತಿನ್ನುವುದಿಲ್ಲ. ನಮ್ಮ ಮೂರನೇ ಮಹಡಿಯ ಹುಡುಗಿ ಅಠ್ಠಾಯಿ ಹಿಡಿದಿದ್ದಾಳೆ. ಎಂಟು ದಿನ ಉಪವಾಸ, ಕುದಿಸಿ ಆರಿಸಿದ ನೀರು ಮಾತ್ರ, ಅದೂ ಸೂರ್ಯ ಮುಳುಗುವ ಮೊದಲು. ನಿನ್ನೆ ಲಿಫ್ಟಿನಲ್ಲಿ ಸಿಕ್ಕಿದ್ದಳು. ಮುಖ ಸಣ್ಣದಾಗಿತ್ತು, ಆದರೆ ನಗು ಹಾಗೇ ಇತ್ತು.

ಚಿಕ್ಕಪ್ಪ ಗಲ್ಲಾದಲ್ಲಿ ಸುಮ್ನೆ ಕೂತಿದ್ದರು. ಬಾಗಿಲ ಪಕ್ಕದ ಟೇಬಲ್ ತೋರಿಸಿ, "ಪಾತ್ರೆ ಅಂಗಡಿಯ ಕಾಕಾ ಇನ್ನು ಚೌತಿ ಕಳೆದ ಮೇಲೆಯೇ ಬರುವುದು" ಅಂದರು. ಆ ಕಾಕಾನನ್ನು ನಾನೂ ನೋಡಿದ್ದೇನೆ. ದಿನಾ ಸಂಜೆ ಬರುತ್ತಾರೆ. ಒಂದು ಜೈನ್ ಮಸಾಲೆ ದೋಸೆ, ಒಂದು ಲೋಟ ಬಿಸಿನೀರು. ಕತ್ತಲಾದ ಮೇಲೆ ಏನೂ ತಿನ್ನುವುದಿಲ್ಲ. ಮಳೆಗಾಲದಲ್ಲಿ ಏಳರವರೆಗೆ ಬೆಳಕಿರುವುದರಿಂದ ಅಂಗಡಿಯಿಂದ ನಿಧಾನಕ್ಕೆ ಬರುತ್ತಾರೆ. ಚಳಿಗಾಲದಲ್ಲಿ ಆರಕ್ಕೇ ಸೂರ್ಯ ಮುಳುಗುತ್ತದೆ, ಆಗ ಐದಕ್ಕೇ ಓಡಿ ಬರುತ್ತಾರೆ.

ಜೈನ್ ಮಸಾಲೆ ದೋಸೆ ಅಂದರೆ ಊರಿನವರಿಗೆ ಗೊತ್ತಾಗಲಿಕ್ಕಿಲ್ಲ. ಮುಂಬೈಯ ನಮ್ಮ ಉಡುಪಿ ಹೋಟೆಲುಗಳಲ್ಲಿ ಅದು ದಿನನಿತ್ಯದ ಮಾತು. ನೆಲದ ಒಳಗೆ ಬೆಳೆಯುವ ಬಟಾಟೆ, ಈರುಳ್ಳಿ, ಬೆಳ್ಳುಳ್ಳಿ, ಹಸಿ ಶುಂಠಿ ಅವರಿಗೆ ಆಗುವುದಿಲ್ಲ. ಒಂದೇ ಗಡ್ಡೆಯಲ್ಲಿ ಲೆಕ್ಕವಿಲ್ಲದಷ್ಟು ಜೀವ ಇದೆ ಎಂದು ಅವರ ನಂಬಿಕೆ. ಅದಕ್ಕೆ ಬಟಾಟೆ ಬದಲು ಬಾಳೆಕಾಯಿ ಪಲ್ಯ. ಪಾವ್ ಭಾಜಿಗೂ ಬಾಳೆಕಾಯಿಯೇ. ಅಡುಗೆಮನೆಯಲ್ಲಿ ಅದಕ್ಕೆ ಬೇರೆ ಪಾತ್ರೆ, ಬೇರೆ ಸೌಟು.

ಆದರೆ ಬಾಳೆಕಾಯಿಯನ್ನು ಬೇಯಿಸಿ ಕಿವುಚಿ, ಅರಸಿನ ಹಾಕಿ, ಸಾಸಿವೆ ಕರಿಬೇವಿನ ಒಗ್ಗರಣೆ ಕೊಟ್ಟರೆ ನೋಡಲು ಬಟಾಟೆ ಪಲ್ಯದ ಹಾಗೇ ಇರುತ್ತದೆ. ಅದೇ ಹಳದಿ, ಅದೇ ಮುದ್ದೆ. ದೋಸೆಯ ಒಳಗೆ ಹೋದ ಮೇಲೆ ಕಣ್ಣಿಗೆ ಗೊತ್ತಾಗುವುದೇ ಇಲ್ಲ.

ಹೋದ ತಿಂಗಳು ಹೊಸ ಹುಡುಗ ಅವಸರದಲ್ಲಿ ತಪ್ಪು ಪಾತ್ರೆಗೆ ಸೌಟು ಹಾಕಿದ್ದಾನೆ. ಈರುಳ್ಳಿ ಹಾಕದ ಬಟಾಟೆ ಪಲ್ಯ ಅದು. ಕಾಕಾ ಪೂರ್ತಿ ತಿಂದಿದ್ದಾರೆ. ಬಿಸಿನೀರು ಕುಡಿಯುತ್ತಿದ್ದರಂತೆ, ಅಷ್ಟರಲ್ಲಿ ಚಿಕ್ಕಪ್ಪ ಏನೋ ತರಲು ಒಳಗೆ ಹೋದಾಗ ಬಾಳೆಕಾಯಿ ಪಲ್ಯದ ಪಾತ್ರೆ ನೋಡಿದ್ದಾರೆ. ಮೇಲಿನ ಒಗ್ಗರಣೆ ಕದಡಿರಲೇ ಇಲ್ಲ. ಇನ್ನೂ ಯಾರೂ ಸೌಟು ಮುಟ್ಟಿರಲಿಲ್ಲ.

"ಹೊರಗೆ ಬಂದು ಹೇಳಿದೆ" ಅಂದರು ಚಿಕ್ಕಪ್ಪ.

"ಹೇಳದೆ ಇದ್ದಿದ್ದರೆ ಗೊತ್ತಾಗ್ತಾ ಇರಲಿಲ್ಲ ಅಲ್ವಾ?"

"ಯಾರಿಗೆ ಗೊತ್ತಾಗುವುದು ಮಾರಾಯ್ತಿ? ಅವರಿಗೆ ರುಚಿಯಲ್ಲೂ ಗೊತ್ತಾಗಿರಲಿಲ್ಲ. ಹುಟ್ಟಿದ ಮೇಲೆ ಬಟಾಟೆ ತಿಂದವರೇ ಅಲ್ಲ, ರುಚಿ ಹೇಗೆ ಗೊತ್ತಿರಬೇಕು?"

ಈ ಮಾತು ನನ್ನನ್ನು ಅಲ್ಲೇ ನಿಲ್ಲಿಸಿತು. ಅರವತ್ತೈದು ದಾಟಿದ ಮನುಷ್ಯ. ಇಷ್ಟು ವರ್ಷ ಜೋಪಾನ ಮಾಡಿದ ನೇಮ ಒಬ್ಬ ಹುಡುಗನ ಕೈಯ ಸೌಟಿನಲ್ಲಿತ್ತು. ಆ ಹುಡುಗನಿಗೆ ಆ ನೇಮದ ಮೇಲೆ ನಂಬಿಕೆ ಇಲ್ಲ, ಇರಬೇಕಾಗಿಯೂ ಇಲ್ಲ. ಯಾರನ್ನಾದರೂ ಕಟ್ಟುನಿಟ್ಟಿನವರು ಅಂದಾಗ ನಾವು ಅವರ ಮನಸ್ಸಿನ ಗಟ್ಟಿತನವನ್ನು ಮಾತ್ರ ನೋಡುತ್ತೇವೆ. ಅವರಿಗೆ ಬಡಿಸುವವರು ಸುಳ್ಳು ಹೇಳದೆ ಇರುವುದರಿಂದಲೇ ಅದು ನಡೆಯುತ್ತದೆ ಅನ್ನುವುದು ನನಗೆ ಇವತ್ತಿನವರೆಗೆ ಹೊಳೆದಿರಲಿಲ್ಲ.

ಕಾಕಾ ಬೈಯಲಿಲ್ಲವಂತೆ. ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕೂತರು. ಕೈ ಮುಗಿದು, ಹೇಳಿದ್ದು ಒಳ್ಳೆಯದಾಯಿತು ಅಂದರು. ಮಹಾರಾಜ್ ಸಾಹೇಬರ, ಅಂದರೆ ಅವರ ಜೈನ ಮುನಿಗಳ, ಹತ್ತಿರ ಹೋಗಿ ಪ್ರಾಯಶ್ಚಿತ್ತ ತೆಗೆದುಕೊಳ್ಳುತ್ತೇನೆ ಎಂದು ಹೇಳಿ ಹೊರಟರು. ದುಡ್ಡು ಬೇಡವೆಂದರೂ ಇಟ್ಟು ಹೋದರು. ಕೆಲವು ದಿನ ಬರಲಿಲ್ಲ. ಆಮೇಲೆ ಬಂದರು. ಆದರೆ ಈಗ ಸಾದಾ ದೋಸೆ.

"ನನಗೆ ಅದೊಂದು ಬೇಸರ ಉಂಟು" ಅಂದರು ಚಿಕ್ಕಪ್ಪ. "ಸಾದಾ ದೋಸೆ ಕೊಡುವಾಗ ಪ್ರತಿ ಸಲ ಹೊಟ್ಟೆ ಚುರ್ ಅಂತದೆ."

ಚಿಕ್ಕಪ್ಪ ಏಕಾದಶಿ ಮಾಡುವವರು. ಏಕಾದಶಿಯ ದಿನ ಬೆಳಗ್ಗಿನಿಂದ ರಾತ್ರಿವರೆಗೆ ವಡೆ ಸಾಂಬಾರಿನ ವಾಸನೆಯ ನಡುವೆಯೇ ಗಲ್ಲಾದಲ್ಲಿ ಕೂರುತ್ತಾರೆ. ತಾನು ಉಪವಾಸ ಎಂದು ಯಾರಿಗೂ ಹೇಳುವುದಿಲ್ಲ. ಅದು ನನಗೆ ತುಂಬಾ ಇಷ್ಟ.

ಪೇಪರಿನಲ್ಲಿ ಬರುತ್ತಿರುವುದು ಬೇರೆಯೇ. ಪರ್ಯುಷಣದ ಅಷ್ಟೂ ದಿನ ಕಸಾಯಿಖಾನೆ ಮುಚ್ಚಿಸಿ ಎಂದು ಜೈನ ಟ್ರಸ್ಟಿನವರು ಈ ವರ್ಷವೂ ಹೈಕೋರ್ಟಿಗೆ ಹೋಗಿದ್ದಾರೆ. 2015ರಲ್ಲೂ ಮಾಂಸ ಮಾರಾಟ ನಿಲ್ಲಿಸುವ ವಿಷಯಕ್ಕೆ ಮುಂಬೈಯಲ್ಲಿ ದೊಡ್ಡ ಗಲಾಟೆ ಆಗಿ, ಹೈಕೋರ್ಟ್ ತಡೆ ಕೊಟ್ಟಿತ್ತು. ಅಹಮದಾಬಾದಿನಲ್ಲಿ 9 ದಿನ ಮುಚ್ಚಿದ್ದನ್ನು 2008ರಲ್ಲಿ ಸುಪ್ರೀಂ ಕೋರ್ಟ್ ಸರಿ ಅಂದಿತ್ತು. ಕಾನೂನು ಏನೇ ಹೇಳಲಿ, ನನಗೆ ಇದು ಒಪ್ಪಿಗೆಯಾಗುವುದಿಲ್ಲ. ಕಾಕಾ ತನ್ನ ತಟ್ಟೆಯ ಬಗ್ಗೆ ಮಾತ್ರ ಕೇಳಿದರು. ಪಕ್ಕದ ಟೇಬಲಿನಲ್ಲಿ ಬಟಾಟೆ ವಡೆ ತಿನ್ನುವವನ ಕಡೆ ತಿರುಗಿಯೂ ನೋಡಲಿಲ್ಲ. ಒಬ್ಬರ ನೇಮಕ್ಕಾಗಿ ಇನ್ನೊಬ್ಬರ ದಿನದ ಕೂಲಿ ಹೋಗಬಾರದು.

"ಅತ್ತಿಗೆ ಹೇಗಿದ್ದಾರೆ?" ಎಂದು ಚಿಕ್ಕಪ್ಪ ಕೇಳಿದರು. ನಾನು ಹೋಗಿದ್ದೇ ಅದನ್ನು ಹೇಳಲಿಕ್ಕೆ.

ಮಂಗಳವಾರ ಏಕಾದಶಿ. ಅವತ್ತೇ ಆ ಮಳೆ. ರೈಲು ನಿಂತಿತ್ತು, ಹಾಗಾಗಿ ನಾನು ಮನೆಯಲ್ಲೇ ಇದ್ದೆ. ನನ್ನ ಪುಣ್ಯ. ಅಮ್ಮನದು ನಿರ್ಜಲ. ದಶಮಿ ದಿನ ಒಂದೇ ಊಟ, ಏಕಾದಶಿ ಏನೂ ಇಲ್ಲ, ದ್ವಾದಶಿ ಬೆಳಗ್ಗೆ ಪಾರಣೆ. ಜೊತೆಗೆ ಚಾತುರ್ಮಾಸ್ಯ, ಈ ತಿಂಗಳು ಮೊಸರು ಮುಟ್ಟುವುದಿಲ್ಲ. ಸಕ್ಕರೆ ಕಾಯಿಲೆಯ ಮಾತ್ರೆ ತಪ್ಪಿಸಬಾರದು ಎಂದು ಒಂದು ಗುಟುಕು ನೀರಿನಲ್ಲಿ ಮಾತ್ರೆ ಮಾತ್ರ ನುಂಗಿದ್ದಾರೆ. ನಾಲ್ಕು ಗಂಟೆಗೆ ಕೈ ನಡುಗಲು ಶುರು. ಬೆವರು. ಮೀಟರಿನಲ್ಲಿ ಸಕ್ಕರೆ 58ಕ್ಕೆ ಇಳಿದಿತ್ತು.

ಗ್ಲೂಕೋಸ್ ಕಲಸಿ ತಂದೆ. ಬಾಯಿ ಬಿಗಿ ಹಿಡಿದರು.

"ಮಾತ್ರೆ ಔಷಧ. ಅದು ಆಗ್ತದೆ. ಸಕ್ಕರೆ ಆಹಾರ" ಅಂದರು.

ವ್ರತ ಕೆಡಿಸದ ಎಂಟು ವಸ್ತುಗಳ ಶ್ಲೋಕವನ್ನು ನನಗೆ ಕಲಿಸಿದ್ದೇ ಅಮ್ಮ. ನೀರು, ಗೆಡ್ಡೆ, ಹಣ್ಣು, ಹಾಲು, ಹವಿಸ್ಸು, ಬ್ರಾಹ್ಮಣನ ಇಷ್ಟ, ಗುರುವಿನ ಮಾತು, ಔಷಧ. ನೀರೂ ಹಾಲೂ ಅದರಲ್ಲೇ ಇದೆಯಲ್ಲಮ್ಮ ಅಂದೆ. "ಅದು ಆಗದವರಿಗೆ" ಅಂದರು. ಏಕಾದಶಿಯ ನೇಮ ಎಂಟು ವರ್ಷ ದಾಟಿದವರಿಂದ ಎಂಬತ್ತು ತುಂಬದವರವರೆಗೆ ಎಂದು ಶಾಸ್ತ್ರದಲ್ಲಿದೆ. "ನನಗೆ ಎಪ್ಪತ್ತನಾಲ್ಕು" ಅಂದರು. ಬೆವರು ಇಳಿಯುತ್ತಿದೆ, ಆಗಲೂ ಲೆಕ್ಕ ಸರಿಯಾಗಿದೆ.

ಡಾಕ್ಟರ ಫೋನ್ ಹೋಗಲೇ ಇಲ್ಲ. ಆ ಹೊತ್ತಿನಲ್ಲಿ ನಾನು ದೇವರ ಕೋಣೆಗೆ ಹೋಗಿ ತೀರ್ಥದ ಪಂಚಪಾತ್ರೆ ಕೈಗೆತ್ತಿಕೊಂಡಿದ್ದೆ. ತೀರ್ಥ ಅಂದರೆ ಬಾಯಿ ತೆರೆಯುತ್ತಾರೆ. ಅದರಲ್ಲಿ ಗ್ಲೂಕೋಸ್ ಕಲಸಿದರೆ ಆಯಿತು. ಡಬ್ಬಿ ಇನ್ನೊಂದು ಕೈಯಲ್ಲಿತ್ತು.

ಅಷ್ಟರಲ್ಲಿ ಡಾಕ್ಟರೇ ವಾಪಸ್ ಫೋನ್ ಮಾಡಿದರು. ಸ್ಪೀಕರಿನಲ್ಲಿ ಹಾಕಿದೆ. "ಆಜಿ, ಈಗ ಅದೇ ನಿಮಗೆ ಔಷಧ" ಎಂದು ಮರಾಠಿಯಲ್ಲಿ ಗದರಿದರು. ಅಮ್ಮ ಕುಡಿದರು. ರಾತ್ರಿ ಅತ್ತರು. ಬುಧವಾರ ಬೆಳಗ್ಗೆ ಅಗಸೆ ಸೊಪ್ಪಿನ ಪಲ್ಯ ಮಾಡಿ ಬಡಿಸಿದೆ. ಮಾತಾಡದೆ ಉಂಡರು.

ಇದನ್ನೆಲ್ಲ ಹೇಳಿ ಚಿಕ್ಕಪ್ಪನನ್ನು ಕೇಳಿದೆ. "ಡಾಕ್ಟರು ಸಿಗದೇ ಇದ್ದಿದ್ದರೆ ನಾನು ಹೇಳದೆ ಕೊಟ್ಟು ಬಿಡುತ್ತಿದ್ದೆ. ತಪ್ಪಾ?"

ಅವರು ತುಂಬಾ ಹೊತ್ತು ಚಿಲ್ಲರೆ ಜೋಡಿಸಿದರು. "ಜೀವ ಮೊದಲು, ಕೊಡು. ಆದರೆ ಕೊಟ್ಟಾದ ಮೇಲಾದರೂ ಹೇಳು."

"ಹೇಳಿದರೆ ಇನ್ನು ಮುಂದೆ ನನ್ನ ಕೈಯಿಂದ ತೀರ್ಥವನ್ನೂ ತಗೊಳ್ಳುವುದಿಲ್ಲ ಚಿಕ್ಕಪ್ಪ."

"ತಗೊಳ್ಳಲಿಕ್ಕಿಲ್ಲ" ಅಂದರು. ಆಮೇಲೆ ಯಾರೋ ಬಿಲ್ ಕೊಡಲು ಬಂದರು.

ಮುಂದಿನ ಏಕಾದಶಿ ಸೆಪ್ಟೆಂಬರ್ 3ಕ್ಕೆ. ಸೋಮವಾರ ಅಮ್ಮನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಉಪವಾಸದ ದಿನ ಮಾತ್ರೆ ಹೇಗೆ ತೆಗೆದುಕೊಳ್ಳಬೇಕು ಎಂದು ಬರೆಸಿಕೊಂಡು ಬರಬೇಕು. ಉಪವಾಸ ಬಿಡಿ ಎಂದು ಹೇಳಿಸಿ ಪ್ರಯೋಜನವಿಲ್ಲ. ನೀರಿಗಾದರೂ ಒಪ್ಪಿಸಬಹುದಾ? ಉಡುಪಿಯಲ್ಲಿರುವ ಪುರೋಹಿತರಿಗೆ ಫೋನ್ ಮಾಡಿ, ಗುರುಗಳ ಮಾತು ಅಂತ ಅವರ ಬಾಯಿಂದಲೇ ಹೇಳಿಸಿದರೆ ಕೇಳಬಹುದು. ಆದರೆ ಅವರಿಗೆ ನಾನೇ ಹೇಳಿಕೊಟ್ಟದ್ದು ಎಂದು ಅಮ್ಮನಿಗೆ ಗೊತ್ತಾದರೆ